ಸಣ್ಣ ಜಾಲತಾಣ, ಊರಿನ ದಾಖಲೆ

(ಶಹಾಪುರದಲ್ಲಿ ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಊರುಗಳು ಗುಡ್ಡದ ಮಡಿಲಲ್ಲಿ ಬೆಳೆದವು. ಯಾದಗಿರಿಯ ಕೋಟೆ ಗುಡ್ಡದ ಮೇಲಿದೆ. ಶಹಾಪುರದ ಗುಡ್ಡಸಾಲು ಮಲಗಿದ ಬುದ್ಧನಂತೆ ಕಾಣುತ್ತದೆಂದು ದೂರದೂರಿನವರೂ ಬಂದು ನೋಡಿಹೋಗುತ್ತಾರೆ. ಸುರಪುರದ ನಾಯಕ ಅರಸರು ತಮ್ಮ ರಾಜಧಾನಿಗೆ ಗುಡ್ಡಗಳ ನಡುವಣ ನೆಲೆಯನ್ನೇ ಆರಿಸಿಕೊಂಡರು. ಒಂದೆಡೆ ಕೃಷ್ಣೆ, ಇನ್ನೊಂದೆಡೆ ಭೀಮೆ, ನಡುವೆ ಕಲ್ಲುಗುಡ್ಡ, ಕೆರೆ, ತೊಗರಿ ಮತ್ತು ಹತ್ತಿಯ ಹೊಲ: ಇದು ನಮ್ಮ ನಾಡಿನ ಚಿತ್ರ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ವಯಸ್ಸು ಚಿಕ್ಕದು, ನೆಲದ ವಯಸ್ಸು ದೊಡ್ಡದು.

ಈ ದಿನ ಬೆಳಗಿನಿಂದ ನಮ್ಮ ಯುವಕ ಯುವತಿಯರು ತಾವು ನಡೆಸುತ್ತಿರುವ ಸಣ್ಣ ಸಣ್ಣ ಜಾಲತಾಣಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಒಬ್ಬರು ಕೆರೆಗೆ ಬರುವ ಹಕ್ಕಿಗಳ ಪಟ್ಟಿ ಮಾಡಿದ್ದಾರೆ. ಒಬ್ಬರು ಊರಿನ ಹಳೆಯ ಬಾವಿಗಳ ಚಿತ್ರಗಳನ್ನು ಹಾಕಿದ್ದಾರೆ. ಮತ್ತೊಬ್ಬರು ಅಜ್ಜಿಯರು ಹೇಳುವ ಬೀಜದ ಹೆಸರುಗಳನ್ನು ಕೂಡಿಸುತ್ತಿದ್ದಾರೆ. ನೋಡಿದ ಹಿರಿಯರೊಬ್ಬರು, "ಇದರಿಂದ ಹೊಟ್ಟೆ ತುಂಬುತ್ತದೆಯೇ, ಗುಡ್ಡ ಉಳಿಯುತ್ತದೆಯೇ?" ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು. ನನ್ನ ಮಾತೆಲ್ಲವೂ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಆಗಿದೆ.

ಒಬ್ಬೊಬ್ಬರ ಶ್ರಮದಿಂದ ಕಟ್ಟಿದ ಕನ್ನಡ ಜಾಲ

ಅಂತರ್ಜಾಲದಲ್ಲಿ ಇಂದು ಕನ್ನಡ ಧಾರಾಳವಾಗಿ ಕಾಣುತ್ತದೆ. ಇದನ್ನು ಸರ್ಕಾರವೋ ದೊಡ್ಡ ಕಂಪನಿಯೋ ಮೊದಲು ಕಟ್ಟಿತೆಂದು ಅನೇಕರು ತಿಳಿದಿದ್ದಾರೆ. ಇತಿಹಾಸ ಬೇರೆಯೇ ಇದೆ. 1996ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದರು. ಕನ್ನಡದ ಮೊತ್ತಮೊದಲ ಜಾಲಪತ್ರಿಕೆ ಎಂದು ಅದನ್ನು ಗುರುತಿಸಲಾಗಿದೆ. 1998ರಲ್ಲಿ ಅಮೆರಿಕದಲ್ಲಿ ನೆಲೆಸಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 'ಬರಹ' ತಂತ್ರಾಂಶವನ್ನು ಸಿದ್ಧಪಡಿಸಿ ಕನ್ನಡಿಗರ ಕೈಗಿತ್ತರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಸುಲಭವಾಗಿ ಬೆರಳಚ್ಚಿಸುವ ವಿನ್ಯಾಸವನ್ನು ರೂಪಿಸಿದವರು ಕೆ. ಪಿ. ರಾವ್. ಅದೇ ವಿನ್ಯಾಸ ಮುಂದೆ 'ನುಡಿ' ತಂತ್ರಾಂಶದ ಮೂಲಕ ನಮ್ಮ ಶಾಲೆ, ಕಚೇರಿ, ಮುದ್ರಣಾಲಯಗಳಿಗೆ ತಲುಪಿತು.

2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅದಕ್ಕೆ ಬರೆದವರಿಗೆ ಸಂಬಳವಿರಲಿಲ್ಲ, ಇಂದಿಗೂ ಇಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು 'ಸಂಪದ' ತಾಣವನ್ನು ಕಟ್ಟಿದಾಗ ನೂರಾರು ಮಂದಿ ಮೊದಲ ಬಾರಿಗೆ ಕನ್ನಡದಲ್ಲಿ ತಮ್ಮ ಊರಿನ ಸಂಗತಿಗಳನ್ನು ಬರೆಯತೊಡಗಿದರು. ಬಳಿಕ ಓಂಶಿವಪ್ರಕಾಶ್, ದೇವರಾಜ್ ಮೊದಲಾದ ತಂತ್ರಜ್ಞರು ವಸುಧೇಂದ್ರ, ಓ. ಎಲ್. ನಾಗಭೂಷಣಸ್ವಾಮಿ ಅವರಂತಹ ಸಾಹಿತಿಗಳೊಡನೆ ಕೂಡಿ 'ವಚನ ಸಂಚಯ'ವನ್ನು ರೂಪಿಸಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಲ್ಲಿ ಯಾವುದೇ ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಅಲ್ಲಿ ಕ್ಷಣದಲ್ಲಿ ಹುಡುಕಬಹುದು. ನಮ್ಮ ಮುದನೂರಿನ ದೇವರ ದಾಸಿಮಯ್ಯನ ವಚನಗಳೂ ಅದರಲ್ಲಿವೆ. ವಿ. ಕೃಷ್ಣ ಎಂಬವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು ಸಿದ್ಧಪಡಿಸಿದರು. 2019ರಲ್ಲಿ ಅದು 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು.

ಈ ಹೆಸರುಗಳನ್ನು ನಾನು ಹೊಗಳಿಕೆಗಾಗಿ ಎತ್ತಿಕೊಳ್ಳಲಿಲ್ಲ. ಇವರಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಕೊರತೆಯನ್ನು ಕಂಡು, ಅದನ್ನು ತುಂಬುವುದಕ್ಕೆ ವರ್ಷಗಟ್ಟಲೆ ಕುಳಿತರು. ಒಬ್ಬರಿಗೆ ಅಕ್ಷರ ಮೂಡಬೇಕಿತ್ತು, ಒಬ್ಬರಿಗೆ ಪದದ ಅರ್ಥ ಸಿಗಬೇಕಿತ್ತು, ಒಬ್ಬರಿಗೆ ವಚನ ಕೈಗೆಟುಕಬೇಕಿತ್ತು. ನಮ್ಮ ಗುಡ್ಡ, ಕೆರೆ, ಹಳ್ಳಗಳ ವಿಷಯದಲ್ಲಿ ಕೊರತೆ ಯಾವುದೆಂದು ಕೇಳಿದರೆ ನನ್ನ ಉತ್ತರ ಇಷ್ಟೇ: ನಮ್ಮ ಕೈಯಲ್ಲಿ ದಾಖಲೆಯಿಲ್ಲ.

ನೆಲದ ನೆನಪು ಯಾರ ಬಳಿ ಇದೆ?

ದಾಖಲೆಯೇ ಇಲ್ಲವೆಂದರೆ ತಪ್ಪಾದೀತು. ದಾಖಲೆ ಇದೆ, ಅದು ಬೇರೆಯವರ ಭಾಷೆಯಲ್ಲಿದೆ, ಬೇರೆಯವರ ಕಪಾಟಿನಲ್ಲಿದೆ.

ಸುರಪುರ ಸಂಸ್ಥಾನದ ಆಡಳಿತವನ್ನು 1853ರವರೆಗೆ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಕುದುರೆಯೇರಿ ಈ ಸೀಮೆಯನ್ನೆಲ್ಲ ಸುತ್ತಿದನು. ರಾಜನಕೋಳೂರು, ಹಗರಟಗಿ, ವಿಭೂತಿಹಳ್ಳಿಗಳಲ್ಲಿರುವ ಪ್ರಾಚೀನ ಶಿಲಾಗೋರಿಗಳನ್ನೂ ಕಲ್ಲಿನ ಸಾಲುಗಳನ್ನೂ ನೋಡಿ, ಅಳೆದು, ಬರೆದು, 1850ರ ದಶಕದಲ್ಲಿ ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಗೆ ಕಳುಹಿಸಿದನು. ನೂರು ವರ್ಷಗಳ ಬಳಿಕ, 1956ರಲ್ಲಿ, ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ ಅವರು ದಕ್ಷಿಣ ಹೈದರಾಬಾದ್ ಸೀಮೆಯ ಕಲ್ಲುಸಾಲುಗಳ ಬಗ್ಗೆ ಲಂಡನ್ನಿನ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. 1993ರಲ್ಲಿ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ವಿಭೂತಿಹಳ್ಳಿಯ ಕಲ್ಲುಸಾಲುಗಳು ಸೂರ್ಯನ ಉದಯಾಸ್ತಗಳ ದಿಕ್ಕಿಗೆ ಹೊಂದಿಕೊಂಡಿರುವುದನ್ನು ವಿವರಿಸಿದರು. ಇತ್ತ ಹುಣಸಗಿಯ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಳ ಕಾಲ ದುಡಿದರು. ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ನೆಲೆಯನ್ನು ಅವರ ತಂಡ ಅಗೆದು ತೋರಿಸಿತು. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಿಸಲಾಗಿದೆ.

ಇವೆಲ್ಲವೂ ಇಂಗ್ಲಿಷ್ ಭಾಷೆಯ ಸಂಶೋಧನ ಪತ್ರಿಕೆಗಳಲ್ಲಿವೆ. ಆ ಕಲ್ಲುಗಳ ನಡುವೆಯೇ ಕುರಿ ಮೇಯಿಸುವವನಿಗೆ, ಆ ಹೊಲವನ್ನು ಉಳುವವನಿಗೆ ಈ ಮಾತನ್ನು ಅವನ ಭಾಷೆಯಲ್ಲಿ ಹೇಳಿದವರು ವಿರಳ. ಹೇಳದಿದ್ದಾಗ ಏನಾಗುತ್ತದೆ? ಕಲ್ಲು ಬರಿಯ ಕಲ್ಲಾಗಿ ಉಳಿಯುತ್ತದೆ. ಮನೆಯ ಅಡಿಪಾಯಕ್ಕೆ ಹೋಗುತ್ತದೆ, ಇಲ್ಲವೇ ಜಲ್ಲಿಯಂತ್ರದ ಬಾಯಿಗೆ ಬೀಳುತ್ತದೆ. ಬಡವನು ಕಲ್ಲು ಒಡೆದನೆಂದು ದೂರುವುದು ಸುಲಭ. ಅವನಿಗೆ ತಿಳಿಸುವ ಕೆಲಸವನ್ನು ವಿದ್ಯಾವಂತರು ಮಾಡಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ವಿಭೂತಿಹಳ್ಳಿಯ ಕಲ್ಲುಸಾಲಿನ ಬಗ್ಗೆ ಎರಡು ಪುಟಗಳ ಸರಳ ಕನ್ನಡ ಬರಹವನ್ನು, ನಾಲ್ಕು ಚಿತ್ರಗಳೊಡನೆ, ನಮ್ಮ ಕಾಲೇಜು ವಿದ್ಯಾರ್ಥಿಯೊಬ್ಬ ಜಾಲದಲ್ಲಿ ಹಾಕಿದರೆ ಆ ಕೆಲಸ ಆರಂಭವಾದಂತೆ.

ದಾಖಲೆ ಬೇಕಾಗುವ ದಿನ

ಪರಿಸರ ಹೋರಾಟದಲ್ಲಿ ಬಹಳ ಕಾಲದಿಂದ ಇರುವವರಿಗೆಲ್ಲ ಒಂದು ಅನುಭವವಿದೆ. ಯೋಜನೆ ಊರ ಬಾಗಿಲಿಗೆ ಬಂದ ದಿನ ಎದುರು ಪಕ್ಷದವರ ಕೈಯಲ್ಲಿ ದಪ್ಪ ವರದಿಯಿರುತ್ತದೆ. ನಮ್ಮ ಕೈಯಲ್ಲಿ ಆತಂಕ ಮಾತ್ರ ಇರುತ್ತದೆ. "ಮೊದಲು ಈ ಬಾವಿಯ ನೀರು ಚೆನ್ನಾಗಿತ್ತು" ಎಂದು ಊರವರು ಹೇಳುತ್ತಾರೆ. "ಮೊದಲು ಎಂದರೆ ಯಾವಾಗ? ಎಷ್ಟು ಚೆನ್ನಾಗಿತ್ತು?" ಎಂದು ಅಧಿಕಾರಿ ಕೇಳುತ್ತಾನೆ. ಆಗ ಸಭೆ ಮೌನವಾಗುತ್ತದೆ.

2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ವಿಚಾರಣೆ ಅಗತ್ಯವಿರುವ ಯೋಜನೆಗಳಿಗೆ ಜನರಿಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ರಾಷ್ಟ್ರೀಯ ದಿನಪತ್ರಿಕೆ ಒಂದರಲ್ಲಿಯೂ ಪ್ರಾದೇಶಿಕ ಭಾಷೆಯ ದಿನಪತ್ರಿಕೆ ಒಂದರಲ್ಲಿಯೂ ಪ್ರಕಟಣೆ ಬರಬೇಕು. ಪತ್ರಿಕೆ ತಲುಪದ ಊರಿನಲ್ಲಿ ಡಂಗುರ ಸಾರಿಯಾದರೂ ತಿಳಿಸಬೇಕೆಂದು ಆ ಅಧಿಸೂಚನೆಯಲ್ಲಿಯೇ ಬರೆದಿದೆ. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಆದರೆ 30 ದಿನಗಳಲ್ಲಿ ಊರಿನ ಹತ್ತು ವರ್ಷಗಳ ನೀರಿನ ಲೆಕ್ಕವನ್ನು ಯಾರು ತಾನೇ ಬರೆಯಬಲ್ಲರು? ಆ ಲೆಕ್ಕವನ್ನು ಹತ್ತು ವರ್ಷ ಮೊದಲೇ ಬರೆಯಲು ಆರಂಭಿಸಿರಬೇಕು.

ನಮ್ಮ ಗೋಗಿಯ ಉದಾಹರಣೆ ಎಲ್ಲರಿಗೂ ಗೊತ್ತಿದೆ. ಬಿಜಾಪುರದ ಆದಿಲ್‌ಶಾಹಿಯ ಮೊದಲ ಅರಸರ ಗೋರಿಗಳಿರುವ ಆ ಊರಿನ ಅಡಿಯಲ್ಲಿ ಯುರೇನಿಯಂ ನಿಕ್ಷೇಪವಿದೆಯೆಂದು ಅಣು ಖನಿಜ ನಿರ್ದೇಶನಾಲಯದ ಶೋಧನೆಯಿಂದ ತಿಳಿಯಿತು. ಬಳಿಕ ಪರಿಶೋಧನೆಗಾಗಿ ಅಲ್ಲಿ ಸುರಂಗ ತೋಡಲಾಯಿತು. ತಮ್ಮ ಬಾವಿ, ಹೊಲ, ಮಕ್ಕಳ ಆರೋಗ್ಯದ ಬಗ್ಗೆ ಊರವರು ಆತಂಕ ವ್ಯಕ್ತಪಡಿಸಿದರು. ಕುಡಿಯುವ ನೀರಿನಲ್ಲಿ ಯುರೇನಿಯಂ ಪ್ರಮಾಣ ಲೀಟರಿಗೆ 30 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂತಹ ಸೀಮೆಯಲ್ಲಿ ನೆಲದ ಗುಣದಿಂದಲೇ ಒಂದಷ್ಟು ಅಂಶ ನೀರಿಗೆ ಸೇರಿರಬಹುದು. ಗಣಿಯ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಎರಡು ಅಂಕಿಗಳೂ ಇದ್ದರೆ ಮಾತ್ರ ನ್ಯಾಯ ಕೇಳಲು ಸಾಧ್ಯ. ಎರಡನೆಯ ಅಂಕಿಯನ್ನು ಎಂದು ಬೇಕಾದರೂ ಪಡೆಯಬಹುದು. ಮೊದಲನೆಯದನ್ನು ಕಾಲ ಕಳೆದ ಮೇಲೆ ಯಾರೂ ತಂದುಕೊಡಲಾರರು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣು ಖನಿಜ ಹಾಗೂ ವ್ಯೂಹಾತ್ಮಕ ಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡುವ ಆದೇಶ ಹೊರಡಿಸಿತು. ಜನರ ಮಾತನ್ನು ಕೇಳುವ ಸಭೆಯೇ ನಡೆಯದಿದ್ದರೆ ಜನರು ತಮ್ಮ ಮಾತನ್ನು ಎಲ್ಲಿ ಇಡಬೇಕು? ದಿನಾಂಕ ಸಹಿತ ಬರೆದಿಟ್ಟ, ಎಲ್ಲರೂ ನೋಡಬಹುದಾದ ದಾಖಲೆಯೊಂದು ಊರಿನ ಬಳಿ ಇದ್ದರೆ ನ್ಯಾಯಾಲಯದ ಮುಂದೆಯೂ ಶಾಸಕರ ಮುಂದೆಯೂ ಅದನ್ನು ಇಡಬಹುದು. ವಿಚಾರಣೆಯ ಬಾಗಿಲು ಕಿರಿದಾದಷ್ಟೂ ದಾಖಲೆಯ ಬೆಲೆ ಹೆಚ್ಚುತ್ತದೆ.

ಪ್ರಕಟವಾದ ಮಾಹಿತಿಗೆ ಎಷ್ಟು ಬಲವಿದೆಯೆಂಬುದಕ್ಕೆ ಪಶ್ಚಿಮ ಘಟ್ಟದ ನಿದರ್ಶನವನ್ನು ನೋಡಿ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿ 2011ರ ಆಗಸ್ಟ್ 31ರಂದು ವರದಿ ಸಲ್ಲಿಸಿತು. ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹೋಗಿ, ಕೇಂದ್ರ ಮಾಹಿತಿ ಆಯೋಗ ಆದೇಶಿಸಿ, ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ 2012ರ ಮೇ ತಿಂಗಳಲ್ಲಿ ವರದಿ ಜಾಲತಾಣಕ್ಕೆ ಬಂದಿತು. ಒಂದು ಕಡತವನ್ನು ಜನರು ಓದುವುದನ್ನು ತಡೆಯಲು ಇಷ್ಟು ಪ್ರಯತ್ನ ನಡೆದಿದ್ದರೆ, ಓದುವುದರಲ್ಲಿ ಏನೋ ಶಕ್ತಿ ಇರಲೇಬೇಕು.

ಭಾಷೆಯ ಮಾತೂ ಹಾಗೆಯೇ. 2020ರಲ್ಲಿ ಹೊಸ ಪರಿಸರ ಅಧಿಸೂಚನೆಯ ಕರಡು ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಮಾತ್ರ ಬಂದಾಗ, ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಅದೇ ವರ್ಷ ಜುಲೈನಲ್ಲಿ ಆ ಕರಡನ್ನು ವಿರೋಧಿಸಿ ಪ್ರಚಾರ ನಡೆಸುತ್ತಿದ್ದ ವಿದ್ಯಾರ್ಥಿಗಳ 'ಫ್ರೈಡೇಸ್ ಫಾರ್ ಫ್ಯೂಚರ್' ಬಳಗದ ಭಾರತೀಯ ಜಾಲತಾಣ ಹಲವು ದಿನ ತೆರೆಯದಂತಾಯಿತು. ಪೊಲೀಸರು ಕಳುಹಿಸಿದ್ದ ನೋಟಿಸಿನಲ್ಲಿ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯ ಉಲ್ಲೇಖವಿತ್ತು. ಅದು ಅಚಾತುರ್ಯದಿಂದ ಸೇರಿದ್ದೆಂದು ಬಳಿಕ ಅವರೇ ತಿಳಿಸಿ ನೋಟಿಸನ್ನು ಹಿಂತೆಗೆದುಕೊಂಡರು. ತಾಣ ಮತ್ತೆ ತೆರೆಯಿತು. ಸಣ್ಣವರ ಸಣ್ಣ ಪುಟವನ್ನೂ ದೊಡ್ಡವರು ಓದುತ್ತಾರೆಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ಬರೆಯುವಾಗ ಭಯ ಬೇಡ, ಎಚ್ಚರ ಬೇಕು. ಅಂಕಿ ಸರಿಯಿರಲಿ, ಮಾತು ಸಂಯಮದಿಂದಿರಲಿ.

ಏನನ್ನು ಬರೆಯಬೇಕು?

ವಿದ್ಯಾರ್ಥಿಗಳು ಕೇಳಬಹುದು: ನಮಗೆ ಪ್ರಯೋಗಾಲಯವಿಲ್ಲ, ಉಪಕರಣವಿಲ್ಲ, ನಾವು ಏನನ್ನು ದಾಖಲಿಸಬಲ್ಲೆವು? ಬಹಳಷ್ಟನ್ನು ದಾಖಲಿಸಬಲ್ಲಿರಿ.

ಮೊದಲನೆಯದು ನೀರು. ಒಂದು ಬಾವಿಯನ್ನು ಆರಿಸಿಕೊಳ್ಳಿ. ತಿಂಗಳ ಮೊದಲ ದಿನ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಬಾವಿಕಟ್ಟೆಯಿಂದ ನೀರು ಎಷ್ಟು ಅಡಿ ಕೆಳಗಿದೆಯೆಂದು ಅಳೆಯಿರಿ. ಪ್ರತಿ ಸಲವೂ ಅದೇ ಬಾವಿ, ಅದೇ ಕಟ್ಟೆಯ ಗುರುತು, ಅದೇ ಹೊತ್ತು. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಕಾಲುವೆ ನೀರು ಹರಿದ ಸುರಪುರ, ಶಹಾಪುರ ಸೀಮೆಯ ತಗ್ಗಿನ ಹೊಲಗಳಲ್ಲಿ ಭೂಮಿ ಸವಳು ಜವಳಾದುದನ್ನು ರೈತರು ಬಲ್ಲರು. ಅದೇ ತಾಲ್ಲೂಕಿನಲ್ಲಿ ಕಾಲುವೆ ತಲುಪದ ಗುಡ್ಡದ ಊರುಗಳು ಬೇಸಿಗೆಯಲ್ಲಿ ನೀರಿಗಾಗಿ ಪರದಾಡುತ್ತವೆ. ಒಂದೆಡೆ ನೀರು ಮೇಲೇರಿ ಹೊಲ ಕೆಡುತ್ತದೆ, ಒಂದೆಡೆ ನೀರು ಕೆಳಗಿಳಿದು ಊರು ಗುಳೆ ಹೋಗುತ್ತದೆ. ಈ ಎರಡನ್ನೂ ಒಂದೇ ಪಟ್ಟಿಯಲ್ಲಿ ತೋರಿಸಬಲ್ಲವರು ಊರಿನಲ್ಲಿಯೇ ಇರುವ ನೀವು.

ಎರಡನೆಯದು ಹಕ್ಕಿ ಮತ್ತು ಮರ. ಸುರಪುರದ ಅರಸರ ಕಾಲದ ಬೋನಾಳ ಕೆರೆ ಇಂದು ಪಕ್ಷಿಧಾಮವಾಗಿ ಪ್ರಸಿದ್ಧವಾಗಿದೆ. ಚಳಿಗಾಲದಲ್ಲಿ ಅಲ್ಲಿ ಕಂಡ ಹಕ್ಕಿಗಳನ್ನು ದಿನಾಂಕ, ವೇಳೆ, ಎಣಿಕೆಯ ಸಹಿತ ಬರೆಯಿರಿ. ನಿಮ್ಮ ಪುಟದಲ್ಲಿ ಇಡುವುದರ ಜೊತೆಗೆ 'ಈ-ಬರ್ಡ್' ತಾಣಕ್ಕೂ ಸೇರಿಸಿದರೆ ನಿಮ್ಮ ಎಣಿಕೆ ಜಗತ್ತಿನ ಪಕ್ಷಿತಜ್ಞರ ಲೆಕ್ಕಕ್ಕೆ ಸೇರುತ್ತದೆ. ಮರಗಳಿಗೆ 'ಸೀಸನ್‌ವಾಚ್' ಎಂಬ ಯೋಜನೆಯಿದೆ. ಶಾಲೆಯ ಅಂಗಳದ ಬೇವು, ಹುಣಸೆ ಯಾವ ವಾರ ಚಿಗುರಿತು, ಯಾವ ವಾರ ಹೂ ಬಿಟ್ಟಿತು ಎಂಬುದನ್ನು ಮಕ್ಕಳೇ ಬರೆದು ಕಳುಹಿಸಬಹುದು. ಗಿಡ, ಕೀಟ, ಹಾವುಗಳ ಚಿತ್ರಗಳಿಗೆ 2008ರಿಂದ ನಡೆದುಬಂದ 'ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್' ಇದೆ. ನಕ್ಷೆಯ ಮೇಲೆ ಹಳ್ಳ, ಕೆರೆ, ಕಾಲುದಾರಿಗಳ ಹೆಸರನ್ನು ಕನ್ನಡದಲ್ಲಿಯೇ ಗುರುತಿಸಲು 'ಓಪನ್ ಸ್ಟ್ರೀಟ್ ಮ್ಯಾಪ್' ಎಲ್ಲರಿಗೂ ತೆರೆದಿದೆ. ನಕ್ಷೆಯಲ್ಲಿ ಹೆಸರಿಲ್ಲದ ಕೆರೆಯನ್ನು ಮುಚ್ಚುವುದು ಸುಲಭವೆಂಬುದನ್ನು ಮರೆಯಬೇಡಿ.

ಮೂರನೆಯದು ಜನರ ಜ್ಞಾನ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. 2020ರ ಜನವರಿ 31ರೊಳಗೆ ದೇಶದಾದ್ಯಂತ ಇದನ್ನು ಪೂರ್ಣಗೊಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ವಿಧಿಸಿತ್ತು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕವನ್ನು ಕೇಳಿ ನೋಡಿ. ಅದರಲ್ಲಿ ನಿಮ್ಮ ಊರಿನ ಜೋಳದ ತಳಿ, ಕುರಿಗಾಹಿಯ ಔಷಧಿ ಗಿಡ, ದೇವರ ಬನ, ಮೀನು ಹಿಡಿಯುವ ಮಡು ಇವೆಯೇ? ಇಲ್ಲದಿದ್ದರೆ ಬಿಟ್ಟುಹೋದ ಭಾಗವನ್ನು ತುಂಬುವ ಕೆಲಸ ನಿಮ್ಮದು. ಹೇಳಿದವರ ಒಪ್ಪಿಗೆ ಪಡೆದು, ಅವರು ಬಳಸಿದ ಮಾತಿನಲ್ಲಿಯೇ ಬರೆಯಿರಿ. ಪುಸ್ತಕದ ಕನ್ನಡಕ್ಕೆ ಅವರ ಮಾತನ್ನು ತಿದ್ದಬೇಡಿ.

ಒಂದು ನಿಯಮವನ್ನು ಮಾತ್ರ ಎಂದೂ ಬಿಡಬೇಡಿ. ಯಾವ ದಿನ, ಯಾವ ಸ್ಥಳ, ಯಾರು ನೋಡಿದರು, ಹೇಗೆ ಅಳೆದರು, ಈ ನಾಲ್ಕೂ ಇಲ್ಲದ ಚಿತ್ರ ಕೇವಲ ಅಲಂಕಾರ. ಈ ನಾಲ್ಕೂ ಇರುವ ಒಂದು ಸಾಲು ಸಾಕ್ಷ್ಯ.

ಏನನ್ನು ಬರೆಯಬಾರದು?

ಎಲ್ಲವನ್ನೂ ಹೊರಗೆ ಹೇಳುವುದು ಪರಿಸರ ಸೇವೆಯಲ್ಲ. ಅಪರೂಪದ ಹಕ್ಕಿಯ ಗೂಡು ಯಾವ ಬಂಡೆಯ ಸಂದಿಯಲ್ಲಿದೆ, ನಕ್ಷತ್ರ ಆಮೆ ಯಾವ ಕುರುಚಲಿನಲ್ಲಿದೆ, ಬೆಲೆಬಾಳುವ ಔಷಧಿ ಬೇರು ಎಲ್ಲಿ ಸಿಗುತ್ತದೆ ಎಂಬುದನ್ನು ನಿಖರವಾದ ಗುರುತಿನೊಡನೆ ಹಾಕಿದರೆ ಬೇಟೆಗಾರನಿಗೂ ಕಳ್ಳ ವ್ಯಾಪಾರಿಗೂ ದಾರಿ ತೋರಿಸಿದಂತಾಗುತ್ತದೆ. ಹೆಸರಾಂತ ತಾಣಗಳೇ ಅಪಾಯದಲ್ಲಿರುವ ಜೀವಿಗಳ ನೆಲೆಯನ್ನು ಮರೆಮಾಡುತ್ತವೆ. ಹೊಲದಲ್ಲಿ ದೊರೆತ ಹಳೆಯ ಕಲ್ಲಾಯುಧ, ಮಡಕೆಯ ಚೂರುಗಳ ವಿಷಯವೂ ಹಾಗೆಯೇ. ಅವನ್ನು ಎತ್ತಿ ಮನೆಗೆ ತರದೆ, ಇದ್ದಲ್ಲಿಯೇ ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿ.

ಊರಿನ ಜಗಳವನ್ನು ಜಾಲಕ್ಕೆ ಏರಿಸಬೇಡಿ. ಯಾವನೋ ಒಬ್ಬನು ಮರ ಕಡಿದನೆಂಬ ವದಂತಿಯನ್ನು ಹೆಸರು ಸಹಿತ ಬರೆದರೆ ಮರವೂ ಉಳಿಯದು, ನೆರೆಹೊರೆಯೂ ಉಳಿಯದು. ಮಕ್ಕಳ ಚಿತ್ರ, ರೋಗಿಗಳ ಹೆಸರು, ಬಡವರ ಮನೆಯ ಸಂಕಟ ಇವುಗಳನ್ನು ಪ್ರದರ್ಶನಕ್ಕಿಡುವ ಅಧಿಕಾರ ನಮಗಿಲ್ಲ.

ಉಳಿಸಿಕೊಳ್ಳುವ ಬಗೆ

ಈಗ ಕಷ್ಟದ ಮಾತಿಗೆ ಬರುತ್ತೇನೆ. ಜಾಲತಾಣ ಕಟ್ಟುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. 1990ರ ದಶಕದಲ್ಲಿ 'ಜಿಯೋಸಿಟೀಸ್' ಎಂಬ ಸಂಸ್ಥೆ ಯಾರು ಬೇಕಾದರೂ ಉಚಿತವಾಗಿ ಪುಟ ಕಟ್ಟಿಕೊಳ್ಳಲು ಜಾಗ ನೀಡಿತು. ಲಕ್ಷಾಂತರ ಜನರು ಅಲ್ಲಿ ಮನೆ ಮಾಡಿದರು. 2009ರ ಅಕ್ಟೋಬರ್‌ನಲ್ಲಿ ಅದು ಮುಚ್ಚಿತು. 'ಆರ್ಕುಟ್' 2014ರ ಸೆಪ್ಟೆಂಬರ್ 30ರಂದು ಕದ ಹಾಕಿತು. ಬೇರೆಯವರ ಹೊಲದಲ್ಲಿ ಬಿತ್ತಿದ ಬೆಳೆಗೆ ನಾವು ಒಡೆಯರಲ್ಲ ಎಂಬ ಪಾಠವನ್ನು ಜಗತ್ತು ಅಂದು ಕಲಿಯಿತು. ಇಂದು ನೀವು ಮೊಬೈಲಿನಲ್ಲಿ ಹಂಚಿಕೊಳ್ಳುವ ಚಿತ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ನಾಲ್ಕು ದಿನಗಳಲ್ಲಿ ಅವು ಕೆಳಗೆ ಸರಿದುಹೋಗುತ್ತವೆ. ಮುಂದಿನ ವರ್ಷ ಹುಡುಕಿದರೆ ಸಿಗುವುದಿಲ್ಲ.

ಕನ್ನಡಕ್ಕೆ ಮತ್ತೊಂದು ನಷ್ಟವೂ ಆಗಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಅಕ್ಷರಶೈಲಿಯ ಸಂಕೇತವಿತ್ತು. ಆ ಕಾಲದ ಎಷ್ಟೋ ಪುಟಗಳನ್ನು ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಬರಹವಿದೆ, ಓದಲಾಗದು. ಆದ್ದರಿಂದ ನಿಮ್ಮ ಬರಹವನ್ನು ಯುನಿಕೋಡ್‌ನಲ್ಲಿಯೇ ಇಡಿ. ಬರಹವನ್ನು ಚಿತ್ರವಾಗಿ ಮಾಡಿ ಹಾಕಬೇಡಿ. ಚಿತ್ರದೊಳಗಿನ ಅಕ್ಷರವನ್ನು ಹುಡುಕುವುದು ಕಷ್ಟ, ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳುವುದೂ ಕಷ್ಟ. ಚಿತ್ರಗಳನ್ನು ಚಿಕ್ಕದಾಗಿಸಿ ಹಾಕಿರಿ. ಗುಡ್ಡದ ಹಿಂದಿನ ತಾಂಡಾದಲ್ಲಿ ಸಿಗ್ನಲ್ ಕ್ಷೀಣವಾಗಿರುವಾಗಲೂ ನಿಮ್ಮ ಪುಟ ತೆರೆಯಬೇಕು.

ಸ್ವಂತ ವಿಳಾಸ ಪಡೆದರೆ ಅದಕ್ಕೆ ವರ್ಷವರ್ಷವೂ ಬಾಡಿಗೆ ಕಟ್ಟಬೇಕು. ಕಟ್ಟುವುದು ತಪ್ಪಿದರೆ ವಿಳಾಸ ಬೇರೆಯವರ ಪಾಲಾಗುತ್ತದೆ. ಹುಡುಗನು ಓದು ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ, ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ, ಪುಟ ಅನಾಥವಾಗುತ್ತದೆ. ಇದು ಯಾರ ದೋಷವೂ ಅಲ್ಲ, ಬದುಕಿನ ಕ್ರಮ. ಅದಕ್ಕೆ ಉಪಾಯವೆಂದರೆ ಪ್ರತಿ ಪುಟಕ್ಕೂ ಇಬ್ಬರು ಕಾವಲುಗಾರರಿರಲಿ, ಒಬ್ಬರು ಹಿರಿಯ ತರಗತಿಯವರು, ಒಬ್ಬರು ಕಿರಿಯ ತರಗತಿಯವರು. ಹಿರಿಯರು ಹೊರಡುವಾಗ ಕೀಲಿಕೈಯನ್ನು ಕಿರಿಯರಿಗೆ ಒಪ್ಪಿಸಲಿ. ಕೆರೆಯ ತೂಬು ಕಾಯುವ ನೀರಗಂಟಿಯ ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಸಾಗಿಬಂದಂತೆ ಇದೂ ಸಾಗಲಿ.

1996ರಲ್ಲಿ ಆರಂಭವಾದ 'ಇಂಟರ್‌ನೆಟ್ ಆರ್ಕೈವ್' ಎಂಬ ಉಚಿತ ಗ್ರಂಥಾಲಯವಿದೆ. ನಿಮ್ಮ ಪುಟದ ವಿಳಾಸವನ್ನು ಅಲ್ಲಿ ಕೊಟ್ಟರೆ ಆ ದಿನದ ಪ್ರತಿಯೊಂದನ್ನು ಅದು ತೆಗೆದಿಟ್ಟುಕೊಳ್ಳುತ್ತದೆ. ಆರು ತಿಂಗಳಿಗೊಮ್ಮೆಯಾದರೂ ಹಾಗೆ ಮಾಡಿ. ಅದಕ್ಕಿಂತ ಮುಖ್ಯವಾದದ್ದು ಕಾಗದ. ವರ್ಷಕ್ಕೊಮ್ಮೆ ನಿಮ್ಮ ಪುಟದ ಪಟ್ಟಿಗಳನ್ನೆಲ್ಲ ಮುದ್ರಿಸಿ, ಹೊಲಿದು, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿಯೂ ಒಂದನ್ನು ಶಾಲೆಯಲ್ಲಿಯೂ ಇಡಿ. ಮೊಬೈಲ್ ಹಿಡಿಯದ ಅಜ್ಜನಿಗೆ ಅದೇ ಜಾಲತಾಣ. ಟೇಲರ್ ಬರೆದದ್ದು ಇಂದಿಗೂ ಉಳಿದಿರುವುದಕ್ಕೆ ಅದು ಮುದ್ರಣವಾಗಿ ಹಲವು ಕಡೆ ಸೇರಿದ್ದೇ ಕಾರಣ.

ಕೊನೆಯದಾಗಿ

ಹಿರಿಯರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಜಾಲತಾಣದಿಂದ ಗುಡ್ಡ ಉಳಿಯುವುದಿಲ್ಲ. ಗುಡ್ಡವನ್ನು ಉಳಿಸುವವರು ಗುಡ್ಡದ ಬುಡದಲ್ಲಿರುವ ಜನ. ಆದರೆ ಆ ಜನ ಗ್ರಾಮಸಭೆಯಲ್ಲಿ ಎದ್ದು ನಿಂತಾಗ, "ನಮ್ಮ ಬಾವಿಯ ನೀರು ಐದು ವರ್ಷಗಳಲ್ಲಿ ಇಷ್ಟು ಅಡಿ ಇಳಿದಿದೆ, ನಮ್ಮ ಕೆರೆಗೆ ಬರುತ್ತಿದ್ದ ಹಕ್ಕಿ ಇಷ್ಟು ಕಡಿಮೆಯಾಗಿದೆ, ಇದೋ ನೋಡಿ, ಪ್ರತಿ ತಿಂಗಳೂ ನಮ್ಮ ಮಕ್ಕಳು ಬರೆದದ್ದು" ಎಂದು ಹೇಳುವಂತಾದರೆ ಅವರ ಮಾತನ್ನು ತಳ್ಳಿಹಾಕುವುದು ಕಠಿಣವಾಗುತ್ತದೆ. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಗಾರೆ ಕೆಲಸಕ್ಕೆ ಗುಳೆ ಹೋದ ನಮ್ಮ ಅಣ್ಣ ತಮ್ಮಂದಿರೂ ಮೊಬೈಲಿನಲ್ಲಿ ಆ ಪುಟ ತೆರೆದು, ತಮ್ಮ ಊರಿನ ಕೆರೆಗೆ ಈ ಸಲ ನೀರು ಬಂದಿತೇ ಎಂದು ನೋಡಿಕೊಳ್ಳಬಹುದು.

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ಪ್ರತಿಯೊಬ್ಬರೂ ಒಂದು ಬಾವಿ, ಇಲ್ಲವೇ ಒಂದು ಕೆರೆ, ಇಲ್ಲವೇ ಒಂದು ಗುಡ್ಡವನ್ನು ಆರಿಸಿಕೊಳ್ಳಿ. ಬರುವ ತಿಂಗಳ ಒಂದನೆಯ ತಾರೀಖಿನಂದು ಮೊದಲ ಸಾಲನ್ನು ಬರೆಯಿರಿ. ಪುಟ ಚೆಂದ ಕಾಣದಿದ್ದರೂ ಚಿಂತೆಯಿಲ್ಲ, ಸಾಲು ತಪ್ಪದಿರಲಿ. ಮುಂದಿನ ವರ್ಷ ಈ ಹೊತ್ತಿಗೆ ಹನ್ನೆರಡು ಸಾಲುಗಳಿರುವ ಪಟ್ಟಿಯನ್ನು ಹಿಡಿದು ನಾವೆಲ್ಲ ಮತ್ತೆ ಸೇರೋಣ.